ಎಂಬ್ರಾಯ್ಡರಿ ಮೆಷಿನ್‌ನಲ್ಲಿ ಜೂಲು ಕರಡಿಯ ಕೈಗೊಂಬೆ

(ಹೊಲಿಗೆ ಕಲಿತವರು, ಅಂಗನವಾಡಿ ಶಿಕ್ಷಕಿಯರು, ಮಕ್ಕಳ ನಾಟಕ ಮಾಡಿಸುವವರು ಸೇರಿದ್ದ ಕಡೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಕರಡಿಗಳಿವೆ. ಒಂದೇ ಥಾನಿನ ಬಟ್ಟೆ, ಒಂದೇ ನೂಲು, ಒಂದೇ ಅಳತೆ. ಒಂದೊಂದಾಗಿ ಕೈಗೆ ಹಾಕಿಕೊಂಡು ತಲೆ ಆಡಿಸಿ ನೋಡಿ. ಎಡಗಡೆಯದು ನೋಡೋಕೆ ಚೆಂದ. ಎದೆಯ ಮೇಲಿನ ಬಿಳಿ ಪಟ್ಟೆ ಫಳಫಳ ಹೊಳೆಯುತ್ತದೆ. ಆದರೆ ಬೆರಳು ಬಗ್ಗಿಸಿದರೆ ತಲೆ ಬಗ್ಗುವುದಿಲ್ಲ, ಇಡೀ ಮೈ ಮುಂದಕ್ಕೆ ವಾಲುತ್ತದೆ. ಬಲಗಡೆಯದಕ್ಕೆ ಅಷ್ಟು ಹೊಳಪಿಲ್ಲ. ಆದರೆ ಹೂಂ ಅನ್ನುತ್ತದೆ, ಊಹೂಂ ಅನ್ನುತ್ತದೆ, ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಳ್ಳುತ್ತದೆ. ಈ ವ್ಯತ್ಯಾಸ ತೋರಿಸಬೇಕೆಂದೇ ಎರಡನ್ನೂ ಹೊಲಿದು ತಂದಿದ್ದೇನೆ.

ಎಂಬ್ರಾಯ್ಡರಿ ಅಂದರೆ ಬಟ್ಟೆಯೊಳಕ್ಕೆ ನೂಲು ತುಂಬುವುದು. ತುಂಬಿದಷ್ಟೂ ಬಟ್ಟೆ ಬಿರುಸಾಗುತ್ತದೆ. ಶರ್ಟಿನ ಜೇಬಿನ ಮೇಲೆ ಶಾಲೆಯ ಲಾಂಛನ ಹಾಕಿದರೆ ಅದರಿಂದ ತೊಂದರೆ ಇಲ್ಲ, ಜೇಬು ಬಗ್ಗಬೇಕಿಲ್ಲ. ಗೊಂಬೆ ಹಾಗಲ್ಲ. ಬೆರಳಿನ ಗೆಣ್ಣು ಬರುವ ಕಡೆಯೆಲ್ಲ ಅದು ಬಗ್ಗಬೇಕು. ಹಾಗಾಗಿ ಇವತ್ತು ನಾನು ಹೇಳುವುದರಲ್ಲಿ ಅರ್ಧದಷ್ಟು, ಎಲ್ಲಿ ಹೊಲಿಗೆ ಹಾಕಬಾರದು ಅನ್ನೋದರ ಬಗ್ಗೆಯೇ ಇರುತ್ತದೆ.

ಕರಡಿಯೇ ಯಾಕೆ ಅಂತ ಕೇಳಬಹುದು. ಅಂಗಡಿಯಲ್ಲಿ ಸಿಗುವ ಕಂದು ಬಣ್ಣದ ಟೆಡ್ಡಿ ಅಲ್ಲ ಇದು. 1902ರಲ್ಲಿ ಜರ್ಮನಿಯ ಸ್ಟೈಫ್ ಕಂಪನಿಯವರು ಕೈಕಾಲು ಆಡಿಸುವ ಜೂಲಿನ ಕರಡಿ ಮಾಡಿದರು. ಅಲ್ಲಿಂದ ಈಚೆಗೆ ಗೊಂಬೆ ಕರಡಿ ಅಂದರೆ ಅದೇ ರೂಪ ಕಣ್ಣಿಗೆ ಕಟ್ಟಿದೆ. ನಮ್ಮ ಕಾಡಿನ ಕರಡಿ ಬೇರೆ. ಹಂಪಿಯ ಹತ್ತಿರ ದರೋಜಿಯಲ್ಲಿ ಕರಡಿಗಳಿಗೆಂದೇ 1994ರಲ್ಲಿ ಅಭಯಾರಣ್ಯ ಆಯಿತು. ಅಲ್ಲಿ ಬಂಡೆಗೆ ಬೆಲ್ಲ ಮೆತ್ತಿ ಇಡುತ್ತಾರೆ, ಸಂಜೆ ಹೊತ್ತಿಗೆ ಕರಡಿಗಳು ಬಂದು ನೆಕ್ಕುತ್ತವೆ. ವೀಕ್ಷಣಾ ಗೋಪುರದ ಮೇಲೆ ನಿಂತು ನೋಡಿದವರಿಗೆ ಗೊತ್ತು: ಕಪ್ಪು ಜೂಲು, ಅದರಲ್ಲೂ ಕತ್ತು ಹೆಗಲ ಮೇಲೆ ಜಾಸ್ತಿ. ಮೂತಿಯ ಮೇಲೆ ಮಾತ್ರ ಗಿಡ್ಡ ಕೂದಲು, ಅದೂ ತಿಳಿ ಬಣ್ಣದ್ದು. ಎದೆಯ ಮೇಲೆ ಇಂಗ್ಲಿಷಿನ ವಿ ಅಕ್ಷರದಂಥ ಕೆನೆಬಣ್ಣದ ಗುರುತು. ಹೊಲಿಯುವವರಿಗೆ ಇದಕ್ಕಿಂತ ಒಳ್ಳೆಯ ನಮೂನೆ ಸಿಗಲ್ಲ. ಯಾವ ಭಾಗಕ್ಕೆ ಉದ್ದ ಜೂಲಿನ ಬಟ್ಟೆ, ಯಾವುದಕ್ಕೆ ಗಿಡ್ಡ ಜೂಲಿನದು ಅಂತ ಪ್ರಾಣಿಯೇ ಹೇಳಿಬಿಡುತ್ತದೆ.

ಕೈ ಒಳಗೆ ತೂರಿಸಿ ಆಡಿಸುವ ಗೊಂಬೆ ನಮ್ಮ ದೇಶಕ್ಕೆ ಹೊಸದೇನಲ್ಲ. ಕರ್ನಾಟಕದಲ್ಲಿ ತೊಗಲುಗೊಂಬೆ, ಸೂತ್ರದ ಗೊಂಬೆ ಹೆಸರುವಾಸಿ. ಕೈಗೊಂಬೆಗೆ ಪಕ್ಕದ ಕೇರಳದ ಪಾಲಕ್ಕಾಡ್ ಕಡೆಯ ಪಾವಕಥಕಳಿ ನೋಡಬೇಕು. ಅದರಲ್ಲಿ ತಲೆ ಮತ್ತು ಕೈ ಮರದ್ದು. ಅವನ್ನು ಸೇರಿಸುವುದು ದಪ್ಪ ಬಟ್ಟೆಯ ಒಂದು ಚೀಲ. ತೋರುಬೆರಳು ತಲೆಗೆ, ಹೆಬ್ಬೆರಳು ಮತ್ತು ಮಧ್ಯದ ಬೆರಳು ಎರಡು ಕೈಗೆ. ಗಟ್ಟಿ ಇರಬೇಕಾದ್ದು ಗಟ್ಟಿ, ಬಗ್ಗಬೇಕಾದ್ದು ಬಟ್ಟೆ. ನಾವು ಮಾಡಬೇಕಾದ್ದೂ ಅದನ್ನೇ, ಆದರೆ ನಮ್ಮ ಹತ್ತಿರ ಇರುವುದು ಬಟ್ಟೆ ಮತ್ತು ನೂಲು ಮಾತ್ರ.

ಕೆಲಸ ಶುರುವಾಗುವುದು ಕಾಗದದ ಮೇಲೆ. ಗೊಂಬೆ ಆಡಿಸುವವರ ಕೈಯನ್ನೇ ಕಾಗದದ ಮೇಲಿಡಿಸಿ. ಬೆರಳುಗಳನ್ನು ಈಗ ಹೇಳಿದ ಭಂಗಿಯಲ್ಲಿ ಅಗಲಿಸಿ, ಸುತ್ತ ಗೆರೆ ಎಳೆಯಿರಿ. ಆ ಗೆರೆಯಿಂದ ಸುತ್ತಲೂ ಒಂದೂವರೆಯಿಂದ ಎರಡು ಸೆಂಟಿಮೀಟರ್ ಬಿಟ್ಟು ಇನ್ನೊಂದು ಗೆರೆ. ಅದು ಹೊಲಿಗೆಯ ಗೆರೆ. ಇಷ್ಟೊಂದು ಬಿಡಬೇಕಾ ಅಂದರೆ, ಬೇಕು. ಮಡಚಿದ ಜೂಲಿನ ಬಟ್ಟೆ, ಲೈನಿಂಗ್, ಒಳಗೆ ಉಳಿಯುವ ಮಾರ್ಜಿನ್ ಎಲ್ಲ ಸೇರಿ ಒಳಗಿನ ಜಾಗ ನುಂಗುತ್ತವೆ. ಬೆರಳಿನ ಗೆಣ್ಣುಗಳಿಗೆ ಕಾಗದದ ಮೇಲೆ ಒಂದೊಂದು ಅಡ್ಡಗೆರೆ ಹಾಕಿ. ಆ ಗೆರೆಗಳ ಆಚೆ ಈಚೆ ಒಂದೊಂದು ಸೆಂಟಿಮೀಟರ್ ದಟ್ಟ ಎಂಬ್ರಾಯ್ಡರಿಗೆ ನಿಷಿದ್ಧ ಪ್ರದೇಶ ಅಂತ ಇಟ್ಟುಕೊಳ್ಳಿ.

ಮುಂದಿನ ಪ್ರಶ್ನೆ ಹೂಪ್, ಅಂದರೆ ಹೊಲಿಯುವಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡುವ ಚೌಕಟ್ಟು. ಮನೆ ಮೆಷಿನ್‌ಗಳ ಹೂಪ್ ಸಾಮಾನ್ಯವಾಗಿ 100 ಮಿಲಿಮೀಟರಿನ ಚೌಕ, ಇಲ್ಲವೇ 130 ಬೈ 180. ದೊಡ್ಡ ಮೆಷಿನ್‌ಗಳಲ್ಲಿ 160 ಬೈ 260 ಅಥವಾ ಅದಕ್ಕಿಂತ ದೊಡ್ಡದು. ಪುಟ್ಟ ಮಕ್ಕಳ ಕೈಗಾದರೆ 130 ಬೈ 180ರಲ್ಲಿ ಇಡೀ ಗೊಂಬೆ ಕೂರುತ್ತದೆ. ದೊಡ್ಡವರ ಕೈಗೆ ದೊಡ್ಡ ಹೂಪ್ ಬೇಕೇ ಬೇಕು. ಚಿಕ್ಕ ಹೂಪ್ ಇರುವವರು ಬೇಜಾರು ಮಾಡಿಕೊಳ್ಳಬೇಡಿ. ಮುಖ ಮಾತ್ರ ಎಂಬ್ರಾಯ್ಡರಿ ಮೆಷಿನ್‌ನಲ್ಲಿ ಮಾಡಿ, ಸುತ್ತಲಿನ ಹೊಲಿಗೆಯನ್ನು ಮಾಮೂಲಿ ಹೊಲಿಗೆ ಮೆಷಿನ್‌ನಲ್ಲಿ ಹಾಕಿ. ನನ್ನನ್ನು ಕೇಳಿದರೆ ಅದೇ ವಾಸಿ. ದಪ್ಪ ಬಟ್ಟೆ ಕೈ ಹಿಡಿತದಲ್ಲಿರುತ್ತದೆ.

ಆದರೂ ಇಡೀ ಗೊಂಬೆ ಹೂಪ್‌ನಲ್ಲೇ ಹೊಲಿದು ಮುಗಿಸುವ ಉಪಾಯ ಗೊತ್ತಿರಲಿ, ತುಂಬಾ ಮಜವಾಗಿದೆ. ಎಂಬ್ರಾಯ್ಡರಿ ಫೈಲಿನಲ್ಲಿ ಚಿತ್ರ ಇರುವುದಿಲ್ಲ. ಸೂಜಿ ಎಲ್ಲಿ ಇಳಿಯಬೇಕು ಅನ್ನುವ ಲೆಕ್ಕ ಇರುತ್ತದೆ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಅಳತೆಯಲ್ಲಿ. ಜೊತೆಗೆ ಎಲ್ಲಿ ನಿಲ್ಲಬೇಕು ಅನ್ನುವ ಗುರುತು. ಮೆಷಿನ್ ಪಾಲಿಗೆ ಅದು ಬಣ್ಣ ಬದಲಿಸುವ ಜಾಗ. ಅಂಗಡಿಯವರು ಬಳಸುವ ಡಿಎಸ್‌ಟಿ ಫೈಲಿನಲ್ಲಂತೂ ಯಾವ ಬಣ್ಣ ಅನ್ನುವುದೇ ಇರಲ್ಲ, ನಿಲ್ಲು ಅನ್ನುವುದಷ್ಟೇ ಇರುತ್ತದೆ. ನಾವು ಈ ನಿಲುಗಡೆಯನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತೇವೆ. ಮೆಷಿನ್ ಒಂದು ಗೆರೆ ಹೊಲಿದು ನಿಲ್ಲುತ್ತದೆ. ನಾವು ಆ ಗೆರೆಯ ಮೇಲೆ ಬಟ್ಟೆ ಇಡುತ್ತೇವೆ. ಬಟನ್ ಒತ್ತಿದರೆ ಅದನ್ನು ಹಿಡಿದು ಹೊಲಿಯುತ್ತದೆ, ಮತ್ತೆ ನಿಲ್ಲುತ್ತದೆ. ನೂಲು ಬದಲಿಸುತ್ತಿದ್ದಾರೆ ಅಂತ ಅದು ಅಂದುಕೊಂಡಿರುತ್ತದೆ. ನಾವು ಅಷ್ಟರಲ್ಲಿ ಕಿವಿ ಇಟ್ಟಿರುತ್ತೇವೆ, ಬೆನ್ನು ಇಟ್ಟಿರುತ್ತೇವೆ. ಇಂಥ ಫೈಲ್ ಮಾಡಲು ದುಬಾರಿ ಸಾಫ್ಟ್‌ವೇರೇ ಬೇಕೆಂದಿಲ್ಲ. ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಜೊತೆ ಕೆಲಸ ಮಾಡುವ ಇಂಕ್‌ಸ್ಟಿಚ್ ಇದೆ, ದುಡ್ಡು ಕೊಡಬೇಕಿಲ್ಲ.

ಈಗ ಜೂಲು. ಕಷ್ಟವೆಲ್ಲ ಇಲ್ಲೇ ಇರೋದು.

ಮೊದಲನೆಯದು, ಜೂಲಿನ ಬಟ್ಟೆಯನ್ನು ಹೂಪ್‌ನಲ್ಲಿ ಬಿಗಿಯಬೇಡಿ. ಬಿಗಿದರೆ ಒತ್ತಿದ ಗುರುತು ಹೋಗಲ್ಲ, ದಪ್ಪಕ್ಕೆ ಹೂಪ್ ಅರ್ಧದಲ್ಲೇ ಕಳಚಿಕೊಳ್ಳಲೂಬಹುದು. ಹೂಪ್‌ನಲ್ಲಿ ಬ್ಯಾಕಿಂಗ್, ಅಂದರೆ ಬಟ್ಟೆಯ ಅಡಿಗೆ ಆಧಾರವಾಗಿ ಹಾಕುವ ಹಾಳೆ, ಅದನ್ನು ಮಾತ್ರ ಬಿಗಿಯಿರಿ. ಹರಿದು ತೆಗೆಯುವ ಕಾಗದದಂಥದ್ದಲ್ಲ, ಕತ್ತರಿಸಿ ತೆಗೆಯುವ ತೆಳು ನಾನ್‌ವೊವನ್. ಜೂಲಿನ ಬಟ್ಟೆಯನ್ನು ಅದರ ಮೇಲೆ ಸುಮ್ನೆ ಹಾಸಿ, ಅಂಚಿಗೆ ಟೇಪ್ ಹಾಕಿ. ಮೆಷಿನ್ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ ಹಿಡಿದುಕೊಳ್ಳುತ್ತದೆ.

ಬಟ್ಟೆಯನ್ನು ಹಾಸುವ ಮೊದಲು ಅಂಗೈಯಲ್ಲಿ ಸವರಿ ನೋಡಿ. ಒಂದು ದಿಕ್ಕಿಗೆ ನುಣ್ಣಗೆ ಹೋಗುತ್ತದೆ, ಇನ್ನೊಂದು ದಿಕ್ಕಿಗೆ ಎದ್ದು ನಿಲ್ಲುತ್ತದೆ. ನುಣ್ಣಗೆ ಹೋಗುವ ದಿಕ್ಕು ತಲೆಯಿಂದ ಮಣಿಕಟ್ಟಿನ ಕಡೆಗಿರಬೇಕು. ಮುಂದೆ ಹಿಂದೆ ಎರಡಕ್ಕೂ. ಇನ್ನು ಕತ್ತರಿಸುವುದು ಯಾವಾಗಲೂ ಉಲ್ಟಾ ಬದಿಯಿಂದ, ಬ್ಲೇಡಿನಲ್ಲಿ, ತಳದ ನೇಯ್ಗೆ ಮಾತ್ರ ತುಂಡಾಗುವ ಹಾಗೆ. ಕತ್ತರಿಯಲ್ಲಿ ಕಚಕಚ ಕತ್ತರಿಸಿದರೆ ಕೂದಲೂ ತುಂಡಾಗಿ ಅಂಚಿನಲ್ಲಿ ಬೋಳು ಪಟ್ಟಿ ಕಾಣುತ್ತದೆ. ಈ ಕೆಲಸ ಫ್ಯಾನ್ ಕೆಳಗೆ ಮಾತ್ರ ಬೇಡ, ಮನೆ ತುಂಬಾ ಕರಡಿಯಾಗುತ್ತದೆ.

ಎರಡನೆಯದು, ನೂಲು ಜೂಲಿನೊಳಗೆ ಮುಳುಗಿಹೋಗುವುದು. ಸಾಮಾನ್ಯ ಬಟ್ಟೆಯ ಮೇಲೆ 0.4 ಮಿಲಿಮೀಟರ್ ಅಂತರದಲ್ಲಿ ಹಾಕಿದ ತುಂಬು ಹೊಲಿಗೆ ಚೆನ್ನಾಗಿ ಮುಚ್ಚುತ್ತದೆ. ಜೂಲಿನ ಮೇಲೆ ಅದೇ ಹೊಲಿಗೆಯ ಸಂದಿಯಿಂದ ಕೂದಲು ಎದ್ದು ಬರುತ್ತದೆ, ಕಣ್ಣಿಗೆ ಗಡ್ಡ ಬಂದ ಹಾಗೆ. ಆಗ ಎಲ್ಲರಿಗೂ ಹೊಳೆಯುವುದು ಇನ್ನೂ ದಟ್ಟವಾಗಿ ಹೊಲಿಯೋಣ ಅಂತ. ಅಲ್ಲೇ ಗೊಂಬೆ ಹಲಗೆಯಾಗುವುದು. ಎಡಗಡೆಯ ಕರಡಿಯನ್ನು ಹಾಗೇ ಹೊಲಿದಿದ್ದೇನೆ.

ದಟ್ಟ ಮಾಡುವ ಬದಲು ಕೂದಲನ್ನು ಮಲಗಿಸಬೇಕು. ಮೇಲೆ ನೀರಲ್ಲಿ ಕರಗುವ ಪಾರದರ್ಶಕ ಹಾಳೆ ಹಾಸಿ. ಅದರ ಮೇಲೆ ಜೂಲಿನದೇ ಬಣ್ಣದ ನೂಲಿನಲ್ಲಿ ವಿರಳವಾದ ಬಲೆಯಂಥ ಹೊಲಿಗೆ. ಗೆರೆಗೂ ಗೆರೆಗೂ ಒಂದೂವರೆ ಮಿಲಿಮೀಟರ್ ಅಂತರ, ಒಮ್ಮೆ ಓರೆಯಾಗಿ ಈ ಕಡೆ, ಒಮ್ಮೆ ಆ ಕಡೆ. ಕಣ್ಣಿನ ಅಳತೆಗಿಂತ ಎರಡು ಮಿಲಿಮೀಟರ್ ಆಚೆಗೂ ಹೋಗಲಿ. ಆ ಬಲೆಯ ಅಡಿಯಲ್ಲಿ ಕೂದಲು ಮಲಗುತ್ತದೆ, ಅದರ ಮೇಲೆ ಕಣ್ಣು ಹೊಲಿದರೆ ಮಾಮೂಲಿ ದಟ್ಟಣೆ ಸಾಕು. ಬಲೆಯ ಬಣ್ಣ ಜೂಲಿನದೇ ಆದ್ದರಿಂದ ಆಮೇಲೆ ಅದು ಇದೆ ಅಂತ ಗೊತ್ತಾಗಲ್ಲ. ಒಂದು ಮಿಲಿಮೀಟರಿಗಿಂತ ಸಪೂರದ ಗೆರೆಗಳನ್ನು ಮಾತ್ರ ಬಿಟ್ಟುಬಿಡಿ. ಏನು ಮಾಡಿದರೂ ಅವು ಕಾಣುವುದಿಲ್ಲ.

ಆ ಪಾರದರ್ಶಕ ಹಾಳೆಗೆ ತೇವ ಆಗದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನವರು, ಅದನ್ನು ಜಿಪ್ ಇರುವ ಕವರಿನಲ್ಲಿ ಇಡಿ. ಇಲ್ಲದಿದ್ದರೆ ಮೆತ್ತಗಾಗಿ ಅಂಟಲು ಶುರುವಾಗುತ್ತದೆ. ಹೊಲಿದಾದ ಮೇಲೆ ಗೊಂಬೆಯನ್ನು ನೀರಿಗೆ ಅದ್ದುವ ಅಗತ್ಯವಿಲ್ಲ. ಹಾಳೆಯನ್ನು ಹರಿದು ತೆಗೆದು, ಉಳಿದ ಚೂರುಗಳಿಗೆ ಒದ್ದೆ ಬಟ್ಟೆ ಒತ್ತಿದರೆ ಸಾಕು. ಇಸ್ತ್ರಿ ಪೆಟ್ಟಿಗೆಯನ್ನಂತೂ ಹತ್ತಿರಕ್ಕೂ ತರಬೇಡಿ. ಈ ಜೂಲು ಪಾಲಿಯೆಸ್ಟರ್ ಇಲ್ಲವೇ ಅಕ್ರಿಲಿಕ್, ಬಿಸಿಗೆ ಕರಗಿ ಮುದ್ದೆಯಾಗುತ್ತದೆ.

ಮುಖಕ್ಕೆ ಬರೋಣ. ಮೆಷಿನ್ ಮೂತಿಯ ಆಕಾರದ ಗೆರೆ ಹೊಲಿದು ನಿಂತಾಗ, ಆ ಗೆರೆಯ ಒಳಗಿನ ಕಪ್ಪು ಕೂದಲನ್ನು ಸಣ್ಣ ಕತ್ತರಿಯಲ್ಲಿ ಬುಡದವರೆಗೆ ಕತ್ತರಿಸಿ. ಹೂಪ್ ಮೆಷಿನ್‌ನಿಂದ ಹೊರಗೆ ತೆಗೆದುಕೊಳ್ಳಬಹುದು, ಆದರೆ ಬ್ಯಾಕಿಂಗ್ ಹೂಪ್‌ನಿಂದ ಸಡಿಲವಾಗಬಾರದು. ಬೋಳಾದ ಜಾಗದ ಮೇಲೆ ಕೆನೆಬಣ್ಣದ ಗಿಡ್ಡ ಜೂಲಿನ ಬಟ್ಟೆ ಇಟ್ಟು ಪ್ಯಾಚ್ ಹೊಲಿಸಿ. ಈಗ ಕಣ್ಣು. ಕಪ್ಪು ಜೂಲಿನ ಮೇಲೆ ಕಪ್ಪು ಕಣ್ಣು ಇಟ್ಟರೆ ಎರಡು ಮಾರು ದೂರದಿಂದಲೇ ಮಾಯ. ನಾಟಕದಲ್ಲಿ ಹಿಂದಿನ ಸಾಲಿನ ಮಗುವಿಗೂ ಕಣ್ಣು ಕಾಣಬೇಕು, ಅಲ್ವಾ? ಕರಡಿಯ ಮೂತಿಯ ತಿಳಿಬಣ್ಣ ಕಣ್ಣಿನವರೆಗೂ ಹೋಗುತ್ತದೆ. ಅದನ್ನೇ ಹಿಡಿದು ಪ್ಯಾಚನ್ನು ಸ್ವಲ್ಪ ಮೇಲಕ್ಕೆ ಎಳೆದು, ಕಣ್ಣನ್ನು ಅದರ ಅಂಚಿನ ಮೇಲೆ ಕೂರಿಸಿ, ಅರ್ಧ ಕೆನೆಯ ಮೇಲೆ, ಅರ್ಧ ಕಪ್ಪಿನ ಮೇಲೆ. ಕಣ್ಣೊಳಗೆ ಬಿಳಿಯ ಒಂದು ಚುಕ್ಕಿ. ಎರಡೂ ಕಣ್ಣಿನಲ್ಲಿ ಚುಕ್ಕಿ ಒಂದೇ ಬದಿಗಿರಲಿ. ಕನ್ನಡಿಯ ಹಾಗೆ ಎದುರುಬದುರಾದರೆ ಕರಡಿಗೆ ಮೆಳ್ಳೆಗಣ್ಣು ಬಂದಂತೆ ಕಾಣುತ್ತದೆ. ಮುಖದಲ್ಲಿ ಹೊಲಿಗೆ ಸ್ವಲ್ಪ ದಟ್ಟವಾದರೂ ಪರವಾಗಿಲ್ಲ. ತೋರುಬೆರಳಿನ ತುದಿಗೆ ಒರಗಿಕೊಳ್ಳಲು ಏನಾದರೂ ಬೇಕು.

ಆದರೆ ಎದೆಯ ಗುರುತು ಬರುವುದು ನೇರ ಕತ್ತಿನ ಕೆಳಗೆ. ಅಂದರೆ ತೋರುಬೆರಳಿನ ಬುಡದ ಗೆಣ್ಣಿನ ಮೇಲೆ. ತಲೆ ಬಾಗುವುದು ಅಲ್ಲಿಂದಲೇ. ಅದನ್ನು ತುಂಬು ಹೊಲಿಗೆಯಲ್ಲಿ ಹೊಲಿದರೆ ಕರಡಿಗೆ ಕತ್ತುಪಟ್ಟಿ ಕಟ್ಟಿದ ಹಾಗೆ. ಬಲಗಡೆಯ ಕರಡಿಯನ್ನು ತಿರುಗಿಸಿ ನೋಡಿ: ಅಲ್ಲಿ ಕೆನೆಬಣ್ಣದ ಬಟ್ಟೆಯ ಎರಡು ಪಟ್ಟಿಗಳಿವೆ, ಒಂದಕ್ಕೊಂದು ತಾಗಿಲ್ಲ. ಪ್ರತಿ ಪಟ್ಟಿಗೆ ನಡುವೆ ಉದ್ದಕ್ಕೆ ಒಂದೇ ಗೆರೆ ಹೊಲಿಗೆ. ಅಂಚುಗಳನ್ನು ಬಿಟ್ಟಿದ್ದೇನೆ, ಜೂಲು ಅವನ್ನು ಮುಚ್ಚುತ್ತದೆ. ನನಗೆ ಈ ಇಡೀ ಗೊಂಬೆಯಲ್ಲಿ ಇಷ್ಟವಾದ ಜಾಗ ಇದು.

ಬಟ್ಟೆಯಲ್ಲಿ ಇಲ್ಲದ ಜೂಲನ್ನು ನೂಲಿನಿಂದಲೇ ಬರಿಸಬಹುದು. ಮೆಷಿನ್‌ನಲ್ಲಿ ಜೂಲು ಹೊಲಿಯುವ ಆಸೆ ಹಳೆಯದು. 1860ರ ದಶಕದಲ್ಲಿ ಫ್ರಾನ್ಸಿನ ಬೊನ್ನಾ ಕಂಡುಹಿಡಿದು ಕಾರ್ನೆಲಿ ಬೆಳೆಸಿದ ಸರಪಳಿ ಹೊಲಿಗೆಯ ಮೆಷಿನ್ ಇದೆಯಲ್ಲ, ಅದೇ ಜಾತಿಯ ಮೆಷಿನ್‌ಗಳು ಪಾಚಿಯಂಥ ಕುಣಿಕೆ ಹೊಲಿಗೆಯನ್ನೂ ಹಾಕುತ್ತವೆ. ಅವು ಹೊಲಿಯುವುದು ಕೊಕ್ಕೆಯಂಥ ಸೂಜಿಯಲ್ಲಿ, ಮನೆಯ ಮೆಷಿನ್‌ನಲ್ಲಿ ಆ ಕೊಕ್ಕೆ ಇಲ್ಲ. ಅದಕ್ಕೆ ಒಂದು ಅಡ್ಡದಾರಿ ಇದೆ. ಎಂಟು ಹತ್ತು ಮಿಲಿಮೀಟರ್ ಅಗಲದ ಸ್ಯಾಟಿನ್ ಪಟ್ಟಿ ಹೊಲಿಯಿರಿ, ಅಂದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಅಡ್ಡಡ್ಡ ಒತ್ತಾಗಿ ಹೋಗುವ ಹೊಲಿಗೆ. ಅದರ ಒಂದು ಅಂಚನ್ನು ಮಾತ್ರ ಎರಡು ಮಿಲಿಮೀಟರಿನ ಇನ್ನೊಂದು ಸ್ಯಾಟಿನ್ ಗೆರೆಯಿಂದ ಭದ್ರ ಮಾಡಿ. ಹೂಪ್ ಮಗುಚಿ, ಭದ್ರ ಮಾಡದ ಅಂಚಿನ ಉದ್ದಕ್ಕೂ ಬಾಬಿನ್ ನೂಲನ್ನು, ಅಂದರೆ ಅಡಿಯಿಂದ ಬರುವ ನೂಲನ್ನು, ಮಾತ್ರ ಕತ್ತರಿಸಿ. ಮತ್ತೆ ಮೇಲೆ ತಿರುಗಿಸಿ ಮೊಂಡು ಸೂಜಿಯಲ್ಲಿ ಎಬ್ಬಿಸಿದರೆ ನೂಲಿನ ಕುಣಿಕೆಗಳು ಒಂದು ಸಾಲಾಗಿ ಎದ್ದು ನಿಲ್ಲುತ್ತವೆ. ಕತ್ತರಿಸಿದರೆ ಕೂದಲು, ಹಾಗೇ ಬಿಟ್ಟರೆ ಗುಂಗುರು. ಕರಡಿಯ ಕಿವಿಯಲ್ಲಿ ಉದ್ದ ಕೂದಲಿದೆಯಲ್ಲ, ಅದು ಇದೇ. ಜೂಲಿನ ಬಟ್ಟೆ ಸಿಗದವರು ಮೈಗೆ ಫೆಲ್ಟ್ ಬಳಸಿ ಅಲ್ಲಲ್ಲಿ ಹೀಗೆ ಮಾಡಬಹುದು.

ಇನ್ನು ಜೋಡಣೆ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆ ಹಾಕಿದರೆ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣುತ್ತವೆ, ಗಂಟು ಹಾಕುವುದಿಲ್ಲ. ಮೆಷಿನ್ ಎಂಬ್ರಾಯ್ಡರಿಯ ಹಿಂಬದಿಯಲ್ಲಿ ಬಾಬಿನ್ ನೂಲು, ಕತ್ತರಿಸಿದ ತುದಿಗಳು, ಬ್ಯಾಕಿಂಗ್ ಎಲ್ಲ ಇರುತ್ತವೆ. ಮಗುವಿನ ಬೆರಳು ತಾಗುವುದು ಆ ಹಿಂಬದಿಗೇ. ಸಡಿಲ ನೂಲು ಬೆರಳಿಗೆ ಸುತ್ತಿಕೊಂಡರೆ ನೋವಾಗುತ್ತದೆ. ಹಾಗಾಗಿ ಲೈನಿಂಗ್ ಬೇಕೇ ಬೇಕು, ಹಳೆಯ ಮಲ್ ಪಂಚೆಯಂಥ ಮೆತ್ತನೆ ಹತ್ತಿ ಬಟ್ಟೆ. ಮುಖ ಮುಗಿದ ಮೇಲೆ ಹೂಪ್ ಮಗುಚಿ ಕೆಳಬದಿಗೆ ಲೈನಿಂಗ್‌ನ ಒಂದು ತುಂಡು ಟೇಪ್ ಮಾಡಿ. ಮೇಲೆ ಕಿವಿಗಳನ್ನು ಒಳಮುಖವಾಗಿ ಇಡಿ. ಅದರ ಮೇಲೆ ಬೆನ್ನಿನ ಬಟ್ಟೆ, ಸೀದಾ ಬದಿ ಕೆಳಗೆ. ಅದರ ಮೇಲೆ ಲೈನಿಂಗ್‌ನ ಇನ್ನೊಂದು ತುಂಡು. ಲೈನಿಂಗ್‌ನ ಸೀದಾ ಬದಿ ಎರಡು ಕಡೆಯೂ ಹೊರಮುಖವಾಗಿರಲಿ, ಮಗುಚಿದಾಗ ಅದೇ ಕೈಗೆ ತಾಗುವ ಬದಿಯಾಗುತ್ತದೆ.

ಇಷ್ಟು ದಪ್ಪಕ್ಕೆ ಮೆಷಿನ್ ಗೊಣಗುತ್ತದೆ. ಹೊಲಿಗೆಯ ಗೆರೆ ಬರುವ ಜಾಗದಲ್ಲಿ, ಮಾರ್ಜಿನ್‌ನಲ್ಲಿ ಜೂಲನ್ನು ಮೊದಲೇ ಗಿಡ್ಡ ಮಾಡಿರಬೇಕು. ಕಣ್ಣು ಮೂಗು ಹೊಲಿಯಲು 11 ನಂಬರ್ ಸೂಜಿ ಹಾಕಿರುತ್ತೇವೆ, ಅದನ್ನು ತೆಗೆದು 14 ಹಾಕಿ. ವೇಗವನ್ನು ನಿಮಿಷಕ್ಕೆ 400 ಹೊಲಿಗೆಗೆ ಇಳಿಸಿ. ಸುತ್ತಿನ ಹೊಲಿಗೆ ಮೂರು ಎಳೆಯದು, ಮುಂದೆ ಹಿಂದೆ ಮುಂದೆ ಹೋಗುವಂಥದ್ದು. ಕೆಳಗೆ ಮಣಿಕಟ್ಟಿನ ಬಾಯಿ ತೆರೆದಿರಬೇಕು. ಆ ಬಾಯಿಯ ಎರಡು ತುದಿಯಲ್ಲೂ ಹೊಲಿಗೆ ಹಿಂದೆ ಮುಂದೆ ಹೋಗಿ ಲಾಕ್ ಆಗಲಿ. ಕೈ ತೂರಿಸುವಾಗ ಮೊದಲು ಬಿಚ್ಚಿಕೊಳ್ಳುವುದು ಅಲ್ಲೇ.

ಹೂಪ್‌ನಿಂದ ತೆಗೆದು, ಆರು ಮಿಲಿಮೀಟರ್ ಮಾರ್ಜಿನ್ ಬಿಟ್ಟು ಕತ್ತರಿಸಿ, ಕತ್ತು ಮತ್ತು ಕಂಕುಳಲ್ಲಿ ಹೊಲಿಗೆಯ ಹತ್ತಿರದವರೆಗೆ ಸಣ್ಣ ಕಚ್ಚು ಹಾಕಿ ಮಗುಚಿ. ಬಾಯಿಯ ಅಂಚನ್ನು ಮಡಚಿ ಕೈಹೊಲಿಗೆ ಹಾಕಿ. ಆಗ ನೋಡಿದರೆ ಗೊಂಬೆಯ ಸುತ್ತ ಒಂದು ಗಟ್ಟಿ ಗೆರೆ ಕಾಣುತ್ತದೆ, ಜೂಲು ಹೊಲಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಮೊಂಡು ಸೂಜಿ ತೆಗೆದುಕೊಂಡು ಆ ಗೆರೆಯ ಉದ್ದಕ್ಕೂ ಕೂದಲನ್ನು ಸ್ವಲ್ಪ ಸ್ವಲ್ಪವೇ ಎಳೆದು ಬಿಡಿಸಿ. ಒಂದೊಂದು ಇಂಚು ಮುಂದೆ ಹೋದ ಹಾಗೆ ಹಿಂದಿನ ಗೆರೆ ಮುಚ್ಚಿಹೋಗುತ್ತದೆ. ಟೀವಿ ನೋಡುತ್ತಾ ಮಾಡುವ ಕೆಲಸ. ಇದೊಂದು ಮಾಡಿದರೆ ಗೊಂಬೆ ಹೊಲಿದದ್ದು ಅನ್ನಿಸುವುದೇ ಇಲ್ಲ. ಬಾಬಿನ್ ಕೇಸ್ ಬಿಚ್ಚಿ ಬ್ರಷ್ ಹಾಕುವುದನ್ನು ಮರೆಯಬೇಡಿ, ಅಲ್ಲೊಂದು ಪುಟ್ಟ ಕರಡಿ ಸೇರಿಕೊಂಡಿರುತ್ತದೆ.

ಇನ್ನು ಪ್ರಶ್ನೆಗಳು.

"ಮೇಡಂ, ಕಣ್ಣಿಗೆ ಬಟನ್ ಹಾಕಿದರೆ ಇಷ್ಟೆಲ್ಲ ತಾಪತ್ರಯ ಇರಲ್ಲವಲ್ಲ?"

ಇರಲ್ಲ. ಆದರೆ ಮೂರು ವರ್ಷದೊಳಗಿನ ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಂಗನವಾಡಿಯ ಗೊಂಬೆಗೆ ಬಟನ್ ಬೇಡವೇ ಬೇಡ. ನೂಲಿನ ಕಣ್ಣು ಕಿತ್ತುಬರುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಮೆಷಿನ್ ಬಳಸಲು ಇದೇ ದೊಡ್ಡ ಕಾರಣ.

"ಮಾಡಿ ಮಾರಬಹುದಾ?"

ಮನೆಯ ಮಕ್ಕಳಿಗೆ ಮಾಡುವುದು ಬೇರೆ, ಮಾರುವುದು ಬೇರೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆ ಮಾರಲು ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಮಾರುವ ಯೋಚನೆ ಇದ್ದರೆ ಬಟ್ಟೆ ಥಾನು ತರುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ.

"ನಮ್ಮ ಹತ್ತಿರ ಮೆಷಿನ್ ಇಲ್ಲ. ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯಲ್ಲಿ ಮಾಡಿಸಬಹುದಾ?"

ಮುಖ ಮಾತ್ರ ಮಾಡಿಸಿ. ಅಲ್ಲಿ ಸಾಮಾನ್ಯವಾಗಿ ಸಾವಿರ ಹೊಲಿಗೆಗೆ ಇಷ್ಟು ಅಂತ ದರ. ಹೊಲಿಗೆ ಕಡಿಮೆ ಇದ್ದರೆ ನಿಮಗೂ ಲಾಭ, ಗೊಂಬೆಗೂ ಲಾಭ. ಮೊದಲು ಕರಗುವ ಹಾಳೆ, ಅದರ ಮೇಲೆ ಬಲೆ ಹೊಲಿಗೆ, ಆಮೇಲೆ ಕಣ್ಣು ಅಂತ ಹೇಳಿ. ಮತ್ತೆ ಬಟ್ಟೆಯ ಹಿಂಬದಿಯಲ್ಲಿ ಜೂಲಿನ ದಿಕ್ಕಿಗೆ ಚಾಕ್‌ಪೀಸಿನಲ್ಲಿ ಬಾಣದ ಗುರುತು ಹಾಕಿಯೇ ಕೊಡಿ. ಇಲ್ಲದಿದ್ದರೆ ಕರಡಿಯ ಕೂದಲು ಮೇಲಕ್ಕೆ ನಿಂತು ಗಾಬರಿಯಾದ ಹಾಗೆ ಕಾಣುತ್ತದೆ.

"ನನ್ನ ಮಗಳು ಎಡಗೈಯವಳು. ಅವಳಿಗೆ ಬೇರೆ ಅಳತೆ ಬೇಕಾ?"

ಒಳ್ಳೆಯ ಪ್ರಶ್ನೆ. ಹೆಬ್ಬೆರಳು ಮಧ್ಯದ ಬೆರಳಿಗಿಂತ ಗಿಡ್ಡ. ಅದಕ್ಕೇ ಹೆಬ್ಬೆರಳಿನ ಕಡೆಯ ಕೈಯನ್ನು ಸ್ವಲ್ಪ ಗಿಡ್ಡ ಮತ್ತು ಅಗಲ ಮಾಡುತ್ತೇವೆ. ಹಾಗೆ ಮಾಡಿದ ಗೊಂಬೆ ಒಂದೇ ಕೈಗೆ ಸರಿಹೋಗುತ್ತದೆ. ಅವಳ ಎಡಗೈಯನ್ನೇ ಕಾಗದದ ಮೇಲಿಡಿಸಿ ಗೆರೆ ಎಳೆದರೆ ಆಯಿತು. ಬಲಗೈಗೆ ಮಾಡಿದ ಫೈಲ್ ಈಗಾಗಲೇ ಇದ್ದರೆ, ಮೆಷಿನ್‌ನ ಪರದೆಯಲ್ಲಿ ಮಿರರ್ ಒತ್ತಿ, ಇಡೀ ಗೊಂಬೆ ತಿರುಗಿಕೊಳ್ಳುತ್ತದೆ. ಎದೆಯ ಮೇಲೆ ಮಗಳ ಹೆಸರು ಹಾಕಿದ್ದರೆ ಅದನ್ನು ಮಾತ್ರ ಮೊದಲೇ ತೆಗೆದುಬಿಡಿ, ಆಮೇಲೆ ಬೇರೆಯಾಗಿ ಸೇರಿಸಿ.